ಕರಗದೆ ಕೂಡುವ ಹರಳುಗಳು

ಅಚ್ಚಿನಲ್ಲಿ ಒತ್ತಿ ತೆಗೆದ ಅಲ್ಯೂಮಿನಾ ಬಿಲ್ಲೆ ಬೆರಳಿಗೆ ಬೆಳ್ಳಗೆ ಅಂಟುತ್ತದೆ, ತುಸು ಬಿಗಿಯಾಗಿ ಹಿಡಿದರೂ ಮುರಿಯುತ್ತದೆ. ಅದೇ ಬಿಲ್ಲೆ 1600 ಡಿಗ್ರಿ ಸೆಲ್ಸಿಯಸ್‌ ಕುಲುಮೆಯಲ್ಲಿ ಕೆಲವು ಗಂಟೆ ಇದ್ದು ಬಂದರೆ ಗಾಜನ್ನೇ ಗೀರುತ್ತದೆ. ನಡುವೆ ಅದೇನೂ ಕರಗಿರುವುದಿಲ್ಲ. ಅಲ್ಯೂಮಿನಾ ಕರಗಲು 2000 ಡಿಗ್ರಿಯೂ ಸಾಲದು. ಗಟ್ಟಿಯಾಗಿದ್ದುಕೊಂಡೇ ಪರಮಾಣುಗಳು ಜಾಗ ಬದಲಿಸಿ, ಕಣಕ್ಕೆ ಕಣ ಬೆಸೆದು, 10 ಮಿಲಿಮೀಟರ್ ಅಗಲವಿದ್ದದ್ದು 8.3ರ ಆಸುಪಾಸಿಗೆ ಕುಗ್ಗುತ್ತದೆ. ಸಿಂಟರಿಂಗ್ ಎಂದರೆ ಇದೇ. ಆ ಕುಗ್ಗನ್ನು ಕ್ಯಾಲಿಪರ್‌ನಲ್ಲಿ ಅಳೆಯುವ ಸುಖ ನನಗಿನ್ನೂ ಹಳತಾಗಿಲ್ಲ.

ಅದಕ್ಕೂ ದೊಡ್ಡ ಸುಖ ಸೂಕ್ಷ್ಮದರ್ಶಕದ್ದು. ಬಿಲ್ಲೆಯ ಮೈಯನ್ನು ವಜ್ರದ ಪುಡಿಯಲ್ಲಿ ಗೀರು ಕಾಣದಷ್ಟು ಉಜ್ಜಬೇಕು. ಆಮೇಲೆ, ಸುಟ್ಟದ್ದಕ್ಕಿಂತ ಕಡಿಮೆ ಉಷ್ಣದಲ್ಲಿ ಸ್ವಲ್ಪ ಹೊತ್ತು ಇಟ್ಟು ತೆಗೆದರೆ ಹರಳುಗಳ ಗಡಿ ತೆಳ್ಳಗೆ ಮೂಡಿರುತ್ತದೆ. ಬಟ್ಟೆ ನೆನೆಸಿದ ಬಕೆಟ್ಟಿನ ಸೋಪಿನ ನೊರೆಯನ್ನು ನೋಡಿದ್ದರೆ ಇದನ್ನು ಅರ್ಧ ನೋಡಿದ ಹಾಗೆಯೇ: ಮೂರು ಮೂರು ಗೋಡೆ ಕೂಡುವ ಮೂಲೆಗಳು, ಚಿಕ್ಕದನ್ನು ನುಂಗಿ ಬೆಳೆಯುವ ದೊಡ್ಡದು. ಗಡಿಯ ಒಟ್ಟು ವಿಸ್ತಾರ ಕಡಿಮೆಯಾದಷ್ಟೂ ಶಕ್ತಿ ಇಳಿಯುತ್ತದೆ; ಎರಡನ್ನೂ ನಡೆಸುವುದು ಅದೇ.

ನನ್ನ ಕಣ್ಣು ಮೊದಲು ಹೋಗುವುದು ರಂಧ್ರಗಳತ್ತ. ಗಡಿಯ ಮೇಲೆ ಕೂತ ರಂಧ್ರ ಮುಚ್ಚೀತು, ಏಕೆಂದರೆ ಗಡಿಯೇ ಪರಮಾಣುಗಳ ಹಾದಿ. ಅದರ ಗುಂಟ ಬಂದು ಅವು ಖಾಲಿ ಜಾಗವನ್ನು ತುಂಬುತ್ತವೆ. ಹರಳು ಅವಸರದಲ್ಲಿ ಬೆಳೆದು ಗಡಿ ಮುಂದೆ ಓಡಿತೋ, ರಂಧ್ರ ಹರಳಿನ ಹೊಟ್ಟೆಯೊಳಗೆ ಸಿಕ್ಕಿಬೀಳುತ್ತದೆ. ಅಲ್ಲಿಂದ ಅದನ್ನು ಹೊರಡಿಸುವುದು ಹೆಚ್ಚುಕಡಿಮೆ ಆಗದ ಮಾತು. ಬಿಲ್ಲೆ ಬೆಳ್ಳಗೆ ಕಾಣುವುದೂ ಇಂಥ ರಂಧ್ರಗಳು ಬೆಳಕನ್ನು ಚೆದುರಿಸುವುದರಿಂದಲೇ.

ಅಮೆರಿಕದ ಜನರಲ್ ಎಲೆಕ್ಟ್ರಿಕ್‌ ಕಂಪನಿಯಲ್ಲಿದ್ದ ರಾಬರ್ಟ್ ಕೋಬಲ್ ಅಲ್ಯೂಮಿನಾಕ್ಕೆ ಚಿಟಿಕೆ ಮೆಗ್ನೀಷಿಯಾ ಬೆರೆಸಿ ಈ ಕಷ್ಟ ಕಳೆದರು. ಗಡಿಗಳ ಓಟ ತಗ್ಗಿತು, ರಂಧ್ರಗಳು ಗಡಿಯಲ್ಲೇ ಉಳಿದು ಮುಚ್ಚಿಕೊಂಡವು. ಸುಟ್ಟದ್ದು ಗಾಳಿಯಲ್ಲಲ್ಲ, ಜಲಜನಕದಲ್ಲಿ; ಅದಕ್ಕೂ ಕಾರಣವಿತ್ತು: ಗಾಳಿಯ ಸಾರಜನಕ ಒಳಗೇ ಉಳಿದು ರಂಧ್ರವನ್ನು ಮುಚ್ಚಗೊಡದು, ಜಲಜನಕ ನುಸುಳಿ ಹೊರಟುಹೋಗುತ್ತದೆ. ಹೀಗೆ ಬೆಳಕು ಹಾಯುವ ಸೆರಾಮಿಕ್ ಹುಟ್ಟಿತು; 1962ರಲ್ಲಿ ಪೇಟೆಂಟೂ ಸಿಕ್ಕಿತು. ಕಾದ ಸೋಡಿಯಂ ಆವಿ ಗಾಜನ್ನು ತಿಂದುಹಾಕುತ್ತದೆ, ಇದನ್ನು ಅಲುಗಿಸದು. ಎಲ್‌ಇಡಿ ಬರುವ ತನಕ ನಮ್ಮ ರಸ್ತೆಗಳನ್ನು ಹಳದಿಯಾಗಿ ಬೆಳಗಿದ ಸೋಡಿಯಂ ದೀಪಗಳ ಒಳಗಿನ ಕೊಳವೆ ಈ ಅಲ್ಯೂಮಿನಾದ್ದೇ.

ಅಷ್ಟು ಚಿಟಿಕೆ ಮೆಗ್ನೀಷಿಯಾ ಗಡಿಯನ್ನು ಹೇಗೆ ಹಿಡಿದು ನಿಲ್ಲಿಸುತ್ತದೆ ಎಂಬ ವಾದ ದಶಕಗಳೇ ನಡೆಯಿತು. ಅದು ಗಡಿಯಲ್ಲೇ ನೆಲೆಯೂರಿ, ಗಡಿ ಹೊರಟಾಗಲೆಲ್ಲ ಹಿಂದಕ್ಕೆಳೆಯುತ್ತದೆ ಎಂಬ ವಿವರಣೆಯೇ ನನಗೆ ಮನದಟ್ಟಾದದ್ದು. ಹಾಗೆ ಹಿಡಿಯಬೇಕಾದರೆ ಅದು ಎಲ್ಲ ಗಡಿಗೂ ತಲುಪಿರಬೇಕು. ಅದಕ್ಕೇ ಪುಡಿ ಬೆರೆಸುವಾಗ ಬಾಲ್ ಮಿಲ್ಲನ್ನು ರಾತ್ರಿಯಿಡೀ ತಿರುಗಲು ಬಿಡುತ್ತೇನೆ.