ರೇವಾ ರಿಪೇರಿಯ ಸುಖ

ಪೆಟ್ರೋಲ್ ಕಾರಿನ ಹುಚ್ಚು ಹಿಡಿದವರು ಬಾನೆಟ್ ಎತ್ತುತ್ತಾರೆ. ನಾನು ಸೀಟು ಎತ್ತುತ್ತೇನೆ. ಹಳೆಯ ರೇವಾ ಕಾರಿನ ಜೀವ ಇರುವುದು ಮುಂದಿನ ಸೀಟುಗಳ ಅಡಿಯಲ್ಲಿ. ತಲಾ 6 ವೋಲ್ಟಿನ 8 ಬ್ಯಾಟರಿಗಳು ಅಲ್ಲಿ ಒತ್ತೊತ್ತಾಗಿ ಕೂತು 48 ವೋಲ್ಟ್ ಕೊಡುತ್ತವೆ. ರಜೆಯ ಬೆಳಿಗ್ಗೆ ಕಾಫಿ ಕುಡಿದು, ಉಂಗುರ, ಗಡಿಯಾರ ಬಿಚ್ಚಿಟ್ಟು, ಸ್ಪ್ಯಾನರಿನ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿ ಆ ಸೀಟುಗಳನ್ನು ಹೊರಗಿಟ್ಟೆನೆಂದರೆ ಊಟದ ಹೊತ್ತು ಮೀರಿದ್ದೂ ಗೊತ್ತಾಗುವುದಿಲ್ಲ. 48 ವೋಲ್ಟ್ ಎಂದರೆ ಕಡಿಮೆ ಎನ್ನಿಸಬಹುದು. ಆದರೆ ಎರಡು ಟರ್ಮಿನಲ್‌ಗಳ ನಡುವೆ ಸ್ಪ್ಯಾನರ್ ಜಾರಿ ಬಿದ್ದರೆ ಹರಿಯುವ ಕರೆಂಟು ಕಬ್ಬಿಣವನ್ನೇ ಕರಗಿಸೀತು. ಈ ಕೆಲಸದ ಮೊದಲ ಪಾಠ ನಿಧಾನ, ಎರಡನೆಯದೂ ನಿಧಾನ.

ರೇವಾ ನಮ್ಮ ಬೆಂಗಳೂರಿನ ಕೂಸು. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಓದುವಾಗ 1990ರ ಸೌರಕಾರು ತಂಡದಲ್ಲಿದ್ದ ಚೇತನ್ ಮೈನಿ ಊರಿಗೆ ಮರಳಿ ಕಟ್ಟಿದ ಕಾರು ಇದು. ಮೈನಿ ಸಮೂಹ 1994ರಲ್ಲಿ ಅಮೆರಿಕದ ಅಮೆರಿಗಾನ್ ಕಂಪನಿಯ ಜೊತೆ ಸೇರಿ ಕೆಲಸ ಶುರುಮಾಡಿತು. ಬೊಮ್ಮಸಂದ್ರದಲ್ಲಿ ತಯಾರಾದ ಕಾರು 2001ರಲ್ಲಿ ರಸ್ತೆಗಿಳಿಯಿತು. ಉದ್ದ ಸುಮಾರು 2.6 ಮೀಟರ್, ಎರಡೇ ಬಾಗಿಲು. ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು. ಉಕ್ಕಿನ ಕೊಳವೆಗಳ ಚೌಕಟ್ಟು, ಮೇಲೆ ಎಬಿಎಸ್ ಪ್ಲಾಸ್ಟಿಕ್ ಹೊದಿಕೆ. 2004ರಿಂದ ಇದೇ ಕಾರು ಜಿ-ವಿಜ್ ಎಂಬ ಹೆಸರಿನಲ್ಲಿ ಲಂಡನ್ನಿನ ಬೀದಿಗಳಲ್ಲೂ ಓಡಾಡಿತು.

ಸರ್ಕಾರದ ನಿಯಮದಂತೆ ವಿಂಟೇಜ್ ಎನಿಸಿಕೊಳ್ಳಲು ವಾಹನಕ್ಕೆ 50 ವರ್ಷ ದಾಟಿರಬೇಕು. ರೇವಾಕ್ಕೆ ಅಷ್ಟು ವಯಸ್ಸಾಗಿಲ್ಲ. ಆದರೂ ನಮ್ಮ ರಸ್ತೆಗಳ ವಿದ್ಯುತ್ ಕಾರುಗಳಲ್ಲಿ ಅದು ಹಿರಿಯ ತಲೆ. ಎಂಜಿನ್ ಆಯಿಲ್, ಕಾರ್ಬ್ಯುರೇಟರ್, ಸ್ಪಾರ್ಕ್ ಪ್ಲಗ್, ಸೈಲೆನ್ಸರ್ ಯಾವುದರ ತಂಟೆಯೂ ಅದಕ್ಕಿಲ್ಲ. ಮುಪ್ಪು ಮೊದಲು ಬರುವುದು ಬ್ಯಾಟರಿಗೆ, ಆಮೇಲೆ ವೈರಿನ ಜೋಡಣೆಗಳಿಗೆ. ಮೋಟಾರಿಗೆ ಬರುವುದು ಬಹಳ ತಡವಾಗಿ. ಗುಜರಿ ಸೇರಿದ ಎಷ್ಟೋ ವಿದ್ಯುತ್ ವಾಹನಗಳ ಮೋಟಾರು ಗಟ್ಟಿಮುಟ್ಟಾಗಿಯೇ ಇರುತ್ತದೆ. ಬ್ಯಾಟರಿ ಕೈಕೊಟ್ಟದ್ದನ್ನು ಕಂಡು ಯಜಮಾನರು ಕಾರೇ ಹೋಯಿತೆಂದು ಬಗೆದಿರುತ್ತಾರೆ.

ಮೊದಲ ರೇವಾಗಳದ್ದು ಡಿಸಿ ಮೋಟಾರು. ತಿರುಗುವ ತಾಮ್ರದ ಕಮ್ಯುಟೇಟರಿಗೆ ಕಾರ್ಬನ್ ಬ್ರಷ್‌ಗಳು ಒತ್ತಿ ನಿಂತು ಕರೆಂಟು ದಾಟಿಸುತ್ತವೆ. ಬ್ರಷ್ ಸವೆದಂತೆ ಕಪ್ಪು ಪುಡಿ ಒಳಗೆಲ್ಲ ಕೂರುತ್ತದೆ. ಅದನ್ನು ಗಾಳಿ ಹಿಡಿದು ಊದಿ, ಒರೆಸಿ, ಟಾರ್ಚ್ ಬಿಟ್ಟು ನೋಡುವ ಗಳಿಗೆ ನನಗೆ ಬಲು ಇಷ್ಟ. ತಾಮ್ರದ ಮೇಲೆ ಚಾಕೊಲೇಟ್ ಬಣ್ಣದ ನಯವಾದ ಪದರ ಕಂಡರೆ ಮೋಟಾರು ಆರೋಗ್ಯವಾಗಿದೆ ಎಂದರ್ಥ. ಅದನ್ನು ಕೊಳೆಯೆಂದು ತಿಳಿದು ಉಜ್ಜಬಾರದು. ತಾಮ್ರ ಸುಟ್ಟು ಗೀರು ಬಿದ್ದಿದ್ದರೆ ಮಾತ್ರ ಲೇತಿಗೆ ಹಾಕಿಸಬೇಕು. ತಾಮ್ರದ ಪಟ್ಟಿಗಳ ನಡುವಿನ ಮೈಕಾ ತಾಮ್ರಕ್ಕಿಂತ ತುಸು ತಗ್ಗಿನಲ್ಲಿರುವಂತೆ ಕೆರೆಸಬೇಕು. ಉಜ್ಜಲೇಬೇಕಾದರೆ ಎಮರಿ ಕಾಗದ ಸಲ್ಲದು, ಅದರ ಪುಡಿಯಲ್ಲಿ ವಿದ್ಯುತ್ ಹರಿಯುತ್ತದೆ. ನಮ್ಮ ಬಡಾವಣೆಯ ಲೇತ್ ಅಂಗಡಿಯ ಹಿರಿಯರು ಒಮ್ಮೆ ಮೋಟಾರನ್ನು ಕೈಯಲ್ಲೇ ತಿರುಗಿಸಿ ನೋಡಿ, "ಸಾರ್, ಇದನ್ನ ಜಾಸ್ತಿ ಮುಟ್ಬೇಡಿ, ಚೆನ್ನಾಗೇ ಇದೆ" ಎಂದರು. ಮುಟ್ಟದೆ ಬಿಡುವುದೂ ಈ ಕಸುಬಿನ ಒಂದು ಭಾಗ.

ಸೀಸದ ಬ್ಯಾಟರಿಯ ಆರೈಕೆ ಇನ್ನೂ ಸೂಕ್ಷ್ಮ. 8 ಬ್ಯಾಟರಿ ಎಂದರೆ 24 ಸೆಲ್. ಹೈಡ್ರೋಮೀಟರಿನಿಂದ ಒಂದೊಂದರ ಆಮ್ಲ ಎಳೆದು ಸಾಂದ್ರತೆ ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ಪೂರ್ತಿ ಚಾರ್ಜ್ ಆದ ಸೆಲ್ 1.280ರ ಆಸುಪಾಸು ತೋರಿಸುತ್ತದೆ. ಉಳಿದವೆಲ್ಲ ಏರಿದರೂ ಒಂದೇ ಒಂದು ಕೆಳಗೇ ನಿಂತಿದೆಯೆಂದರೆ ಗಾಡಿಯ ಓಟವನ್ನು ಮೊಟಕು ಮಾಡುತ್ತಿರುವುದು ಅದೇ. ಖಾಲಿಯಾದ ಬ್ಯಾಟರಿಯನ್ನು ಹಾಗೇ ತಿಂಗಳುಗಟ್ಟಲೆ ಬಿಟ್ಟರೆ ಸೀಸದ ಫಲಕಗಳ ಮೇಲೆ ಗಟ್ಟಿ ಹರಳುಗಟ್ಟುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅದು ಹಿಡಿಯದು. ಡಿಸ್ಟಿಲ್ಡ್ ವಾಟರ್ ಹಾಕುವುದು, ಟರ್ಮಿನಲ್ಲಿನ ಬಿಳಿ-ನೀಲಿ ಪುಡಿಯನ್ನು ಅಡುಗೆ ಸೋಡಾದ ನೀರಿನಿಂದ ತೊಳೆಯುವುದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರುವುದು ಇವೆಲ್ಲ ಗಿಡಕ್ಕೆ ನೀರುಣಿಸಿ ಪಾತಿ ಮಾಡಿದಂತೆ: ಬಿಡದೆ ಮಾಡಿದರಷ್ಟೇ ಫಲ.

ಎಷ್ಟೇ ಉಪಚರಿಸಿದರೂ ಸೀಸದ ಬ್ಯಾಟರಿ ಕೆಲವು ವರ್ಷಗಳ ಅತಿಥಿ. ಅದನ್ನು ಬದಲಿಸುವ ದಿನ ಬಂದಾಗ ಅಭಿಮಾನಿಗಳಲ್ಲಿ ವಾದ ಏಳುತ್ತದೆ: ಮತ್ತೆ ಸೀಸವನ್ನೇ ಹಾಕಬೇಕೆ, ಲಿಥಿಯಂ ಹಾಕಿದರೆ ಮೂಲರೂಪ ಕೆಟ್ಟಂತಲ್ಲವೆ? ನನ್ನ ಉತ್ತರ ಸ್ಪಷ್ಟ. ವಿದ್ಯುತ್ ಕಾರಿನಲ್ಲಿ ಬ್ಯಾಟರಿ ಎಂದಿಗೂ ಬದಲಾಗುವ ವಸ್ತುವೇ. 1907ರಿಂದ 1939ರವರೆಗೆ ತಯಾರಾದ ಅಮೆರಿಕದ ಡೆಟ್ರಾಯಿಟ್ ಎಲೆಕ್ಟ್ರಿಕ್ ಕಾರನ್ನೇ ನೋಡಿ. ಪೆಟ್ರೋಲ್ ಕಾರಿನ ಹೆನ್ರಿ ಫೋರ್ಡರ ಹೆಂಡತಿ ಕ್ಲಾರಾ ಅವರೇ ಓಡಿಸಿದ ಕಾರು ಅದು. ಸೀಸದ ಬ್ಯಾಟರಿ ಸಾಲದು ಎನ್ನುವವರಿಗೆ ಹೆಚ್ಚಿನ ಬೆಲೆಗೆ ಎಡಿಸನ್ನರ ನಿಕಲ್-ಕಬ್ಬಿಣದ ಬ್ಯಾಟರಿಯೂ ಅದರಲ್ಲಿ ಸಿಗುತ್ತಿತ್ತು. ರೇವಾ ಕಂಪನಿಯೂ 2009ರಲ್ಲಿ ತಾನೇ ಲಿಥಿಯಂ ಮಾದರಿಯನ್ನು ತಂದಿತು. ಹಾಗಿರುವಾಗ ಒಳ್ಳೆಯ ಬ್ಯಾಟರಿ ಹಾಕಿ ಓಡಿಸುವುದೇ ಇದರ ಸಂರಕ್ಷಣೆ. ಓಡದೆ ನಿಂತ ಕಾರನ್ನು ಉಳಿಸಿದೆವೆನ್ನಲು ನನಗೆ ಮನಸ್ಸು ಬಾರದು.

ಬದಲಾವಣೆಯ ಲೆಕ್ಕಾಚಾರದಲ್ಲೂ ರಸವಿದೆ. ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲಿಗೆ 3.2 ವೋಲ್ಟ್, 16 ಸೆಲ್‌ಗಳನ್ನು ಸಾಲಾಗಿ ಜೋಡಿಸಿದರೆ 51.2. ಸೀಸದ ಬ್ಯಾಟರಿಗಳ ತೂಕ ಸುಮಾರು ಕಾಲು ಟನ್. ಅಷ್ಟೇ ಶಕ್ತಿಯ ಈ ಸೆಲ್‌ಗಳದ್ದು 100 ಕಿಲೋದೊಳಗೆ. ಹಗುರಾದ ಕಾರು ಸ್ಪ್ರಿಂಗಿನ ಮೇಲೆ ಎದ್ದು ನಿಲ್ಲುತ್ತದೆ, ಅದನ್ನೂ ಸರಿಹೊಂದಿಸಬೇಕು. ಹಳೆಯ ಚಾರ್ಜರ್ ಸೀಸದ ಸೆಲ್‌ಗಳನ್ನು ಸಮಮಾಡಲು ಕೊನೆಯಲ್ಲಿ ವೋಲ್ಟೇಜ್ ಏರಿಸುತ್ತದೆ. ಲಿಥಿಯಂ ಸೆಲ್ 3.65 ವೋಲ್ಟ್ ಮೀರುವಂತಿಲ್ಲ. ಆದ್ದರಿಂದ ಹೊಸ ಚಾರ್ಜರ್ ಬೇಕು, ಪ್ರತಿ ಸೆಲ್ಲಿನ ಮೇಲೂ ಕಣ್ಣಿಡುವ ಬಿಎಂಎಸ್ ಬೇಕು. ಸೀಸದ ಬ್ಯಾಟರಿಯನ್ನಷ್ಟೇ ಬಲ್ಲ ಹಳೆಯ ನಿಯಂತ್ರಣ ಪೆಟ್ಟಿಗೆಗೆ ಇವೆಲ್ಲವನ್ನೂ ಒಗ್ಗಿಸುವುದಕ್ಕೆ ಸರ್ಕಿಟ್ ಚಿತ್ರ ಹರಡಿಕೊಂಡು ಕೂರಬೇಕು. ಒಗ್ಗಿದ ಮೇಲೆ ಕೀಲಿ ತಿರುಗಿಸಿ ಪೆಡಲ್ ಒತ್ತಿದರೆ ಬರುವುದು ಗೇರಿನ ಸಣ್ಣ ಗುಂಯ್‌ಗುಡುವಿಕೆ ಮಾತ್ರ. ಆ ದನಿ ಕೇಳಿದಾಗ ಆಗುವ ಸಂತೋಷಕ್ಕೆ ಸಾಟಿಯಾದದ್ದನ್ನು ನಾನು ಕಂಡಿಲ್ಲ.

ಗಾಡಿಯ ಮಿತಿಯನ್ನೂ ಅರಿತಿರಬೇಕು. ಯುರೋಪಿನಲ್ಲಿ ಇದನ್ನು ಕಾರೆಂದು ಲೆಕ್ಕಿಸದೆ ಕ್ವಾಡ್ರಿಸೈಕಲ್ ವರ್ಗಕ್ಕೆ ಸೇರಿಸಿದ್ದರು. ತರಕಾರಿ, ಲೈಬ್ರರಿ, ಮಕ್ಕಳ ಶಾಲೆಯಂಥ ಹತ್ತಿರದ ಓಡಾಟಕ್ಕೆ ಇದು ಲಾಯಕ್ಕು, ಹೆದ್ದಾರಿಗಲ್ಲ. ಯಾವ ಮಾರ್ಪಾಡಿಗೂ ಮುನ್ನ ಆರ್‌ಟಿಓ ಕಚೇರಿಯಲ್ಲಿ ಕೇಳಿಕೊಳ್ಳಬೇಕು. 15 ವರ್ಷ ದಾಟಿದ ಗಾಡಿಯ ನೋಂದಣಿ ನವೀಕರಿಸಿಕೊಳ್ಳಬೇಕು. ತೆಗೆದ ಸೀಸವನ್ನು ಅಧಿಕೃತ ಸಂಗ್ರಹಕಾರರಿಗೇ ಒಪ್ಪಿಸಬೇಕು.

ನಿಮ್ಮ ಬೀದಿಯಲ್ಲೋ ನೆಂಟರ ಮನೆಯ ಶೆಡ್ಡಿನಲ್ಲೋ ದೂಳು ತಿನ್ನುತ್ತಾ ನಿಂತ ರೇವಾ ಇದ್ದರೆ ಗುಜರಿಯವರಿಗೆ ಫೋನ್ ಮಾಡುವ ಮೊದಲು ಒಮ್ಮೆ ಬಲ್ಲವರಿಂದ ಅದರ ಮೋಟಾರನ್ನು ಪರೀಕ್ಷೆ ಮಾಡಿಸಿ. ಅದು ಸರಿಯಿದ್ದರೆ ಕಾರನ್ನು ಉಳಿಸಿಕೊಳ್ಳಿ, ಇಲ್ಲವೇ ಉಳಿಸುವವರ ಕೈಗೆ ಕೊಡಿ. ದೇಶಕ್ಕೆಲ್ಲ ವಿದ್ಯುತ್ ಕಾರಿನ ಮಾತು ಹೊಸದಾಗಿದ್ದ ಕಾಲದಲ್ಲಿ ನಮ್ಮ ಊರು ಅದನ್ನು ಮಾಡಿ, ಓಡಿಸಿ ತೋರಿಸಿತ್ತು. ಅದಕ್ಕೆ ಸಾಕ್ಷಿಯಾಗಿ ಕೆಲವಾದರೂ ರೇವಾಗಳು ರಸ್ತೆಯ ಮೇಲಿರಬೇಕು.