ಚಿನ್ನಿಯ ಮನೆಗೆ ಕರಿಯ ಬಂದ

ಹೊಸ ಬೆಕ್ಕು ಬಂದ ಮನೆಯಲ್ಲಿ ಹಳೆಯ ಬೆಕ್ಕು ಊಟ ಬಿಟ್ಟು ಮೂಲೆ ಸೇರಿದರೆ, ಬಿಜೂರಿನಲ್ಲಿ ಯಾರನ್ನು ಕೇಳಿದರೂ ಅದಕ್ಕೆ ಹೊಟ್ಟೆಕಿಚ್ಚು ಎನ್ನುತ್ತಾರೆ. ನನಗೆ ಈ ಮಾತು ಒಪ್ಪಿಗೆಯಿಲ್ಲ. ಹೊಟ್ಟೆಕಿಚ್ಚು ಎಂದುಕೊಂಡವರು ಹಳೆಯ ಬೆಕ್ಕನ್ನು ಗದರಿಸುತ್ತಾರೆ, ಇಲ್ಲವೇ ಸಮಾಧಾನ ಮಾಡುತ್ತೇನೆಂದು ಎತ್ತಿಕೊಂಡು ಹೋಗಿ ಹೊಸದರ ಎದುರು ಕೂರಿಸುತ್ತಾರೆ. ಎರಡರಿಂದಲೂ ಅದರ ಪಾಡು ಇನ್ನಷ್ಟು ಕೆಡುತ್ತದೆ. ನನ್ನ ದೊಡ್ಡಮ್ಮನಿಗೆ ಇದು ಮೊದಲೇ ಗೊತ್ತಿತ್ತು. "ಅದ್ಕ್ ಹೆದ್ರಿಕಿ ಮಗಾ, ಅದ್ರಷ್ಟಕ್ಕೇ ಬಿಡ್ಕ್" ಎಂದಿದ್ದರು.

ದೊಡ್ಡಮ್ಮನ ಬೆಕ್ಕು ಚಿನ್ನಿಗೆ ವಯಸ್ಸು ಹತ್ತು ದಾಟಿದೆ. ಹುಟ್ಟಾ ಅಂಜುಬುರುಕಿ. ಕುಕ್ಕರ್ ಕೂಗಿದರೆ ಅಕ್ಕಿ ಡ್ರಮ್ಮಿನ ಹಿಂದೆ, ಗುಡುಗಿದರೆ ಬಚ್ಚಲೊಲೆಯ ಪಕ್ಕದ ಸೌದೆ ಸಂದಿಯಲ್ಲಿ. ಮನೆಗೆ ನೆಂಟರು ಬಂದರೆ ಅವರು ಹೊರಡುವವರೆಗೆ ಅದರ ಬಾಲವೂ ಕಾಣದು. ಅಂಥ ಮನೆಗೆ ಆಸಾಡಿಯ ಮಳೆಯಲ್ಲಿ ಕರಿಯ ಬಂದ. ಹೆದ್ದಾರಿ ಬದಿಯ ಬಸ್ ನಿಲ್ದಾಣದಲ್ಲಿ ಯಾರೋ ರಟ್ಟಿನ ಪೆಟ್ಟಿಗೆಯೊಳಗೆ ಬಿಟ್ಟು ಹೋಗಿದ್ದ ಮರಿ. ಅಣ್ಣ ಅದನ್ನು ಅಂಗಿಯೊಳಗೆ ಇಟ್ಟುಕೊಂಡು ತಂದ. ಚಿನ್ನಿ ಜಗಲಿಯಿಂದಲೇ ಮೂಗೆತ್ತಿ ಗಾಳಿ ಹಿಡಿದು, ಬಾಯಿ ಸ್ವಲ್ಪ ತೆರೆದು ನಿಂತು, ಮತ್ತೆ ಒಳಗೆ ಓಡಿದ್ದು ಸಂಜೆಯವರೆಗೆ ಹೊರಗೆ ಬರಲಿಲ್ಲ.

ಹಾಗೆ ಬಾಯಿ ತೆರೆದು ನಿಲ್ಲುವುದಕ್ಕೆ ಕಾರಣವಿದೆ. ಬೆಕ್ಕಿನ ಅಂಗುಳಲ್ಲಿ ವಾಸನೆಯನ್ನು ಗ್ರಹಿಸುವ ಇನ್ನೊಂದು ಅಂಗವಿದೆ. ಮುಖ್ಯವಾದ ವಾಸನೆಗಳನ್ನು ಬೆಕ್ಕು ಬಾಯಿಯೊಳಕ್ಕೆ ಎಳೆದುಕೊಂಡು ಅದರಿಂದ ಪರೀಕ್ಷಿಸುತ್ತದೆ. ಬೆಕ್ಕಿನ ಕೆನ್ನೆ, ಗಲ್ಲ, ಹಣೆ, ಪಾದಗಳಲ್ಲಿ ವಾಸನೆ ಸೂಸುವ ಗ್ರಂಥಿಗಳಿವೆ. ಓಡಾಡುವ ದಾರಿಯಲ್ಲೆಲ್ಲ ಕೆನ್ನೆ ಉಜ್ಜುತ್ತಾ ಅದು ತನ್ನ ಮನೆಯನ್ನು ಗುರುತು ಮಾಡಿಟ್ಟುಕೊಳ್ಳುತ್ತದೆ. ದೊಡ್ಡಮ್ಮನ ಅಡುಗೆಕೋಣೆಯ ದಾರಂದದ ಬುಡದಲ್ಲಿ, ನೆಲದಿಂದ ಒಂದು ಗೇಣು ಮೇಲೆ, ಎಣ್ಣೆ ಮೆತ್ತಿದ ಹಾಗೆ ಕಂದು ಕಲೆಯೊಂದಿದೆ. ಬಗ್ಗಿ ನೋಡಿದರೆ ಅದರಲ್ಲಿ ಚಿನ್ನಿಯ ಎರಡು ಮೂರು ಬೂದು ಕೂದಲು ಅಂಟಿಕೊಂಡಿರುತ್ತವೆ. ಹತ್ತು ವರ್ಷ ದಿನವೂ ಅದೇ ಜಾಗಕ್ಕೆ ಕೆನ್ನೆ ತಾಗಿಸಿ ದಾಟಿದ್ದರಿಂದ ಆದ ಕಲೆ ಅದು. ಚಿನ್ನಿಯ ಪಾಲಿಗೆ ಅದು ಮನೆಯ ಪಹಣಿ. ತನ್ನ ಹೆಸರಿನ ಪಹಣಿಯಲ್ಲಿ ರಾತ್ರೋರಾತ್ರಿ ಇನ್ನೊಂದು ಹೆಸರು ಸೇರಿದರೆ ಮನುಷ್ಯನಾದರೂ ಸುಮ್ಮನೆ ಮಲಗುತ್ತಾನೆಯೇ?

ಅತ್ತಿಗೆ ಶುಚಿಯ ಹೆಂಗಸು. ಮಳೆಗಾಲದಲ್ಲಿ ನೆಲಕ್ಕೂ ದಾರಂದಕ್ಕೂ ಫಿನಾಯಿಲ್ ಹಾಕಿ ಒರೆಸುವುದು ಅವರ ರೂಢಿ. ದೊಡ್ಡಮ್ಮ ಆ ಕಲೆಯನ್ನು ಮಾತ್ರ ಮುಟ್ಟಬೇಡ ಎಂದರು. ಕಾರಣ ತಿಳಿದ ಮೇಲೆ ಅತ್ತಿಗೆ ಫಿನಾಯಿಲನ್ನೇ ಬಿಟ್ಟು ಸಾಬೂನು ನೀರಿಗೆ ಬಂದರು. ಅದು ಇನ್ನೂ ಒಳ್ಳೆಯದಾಯಿತು. ಫಿನಾಯಿಲಿನಂಥ ದ್ರಾವಣಗಳಲ್ಲಿರುವ ಫೀನಾಲ್ ಜಾತಿಯ ರಾಸಾಯನಿಕಗಳನ್ನು ಬೆಕ್ಕಿನ ಯಕೃತ್ತು ಸರಿಯಾಗಿ ಕರಗಿಸಲಾರದು. ಒದ್ದೆ ನೆಲದ ಮೇಲೆ ನಡೆದು ಪಾದ ನೆಕ್ಕಿದರೆ ಅದು ನೇರ ಹೊಟ್ಟೆಗೆ ಹೋಗುತ್ತದೆ.

ಪಕ್ಕದ ಮನೆಯವರದು ಬೇರೆ ಸಲಹೆ. "ಎರ್ಡನ್ನೂ ಒಂದ್ ಕೋಣಿಗ್ ಹಾಕಿ, ಗುದ್ದಾಡ್ಲಿ, ಆಮೇಲ್ ಸರಿ ಆತ್ತ್." ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ಆದರೆ ಬೆಕ್ಕಿನ ಮಟ್ಟಿಗೆ ಇದಕ್ಕಿಂತ ಕೆಟ್ಟ ಸಲಹೆಯಿಲ್ಲ. ನಮ್ಮ ಮನೆಬೆಕ್ಕುಗಳೆಲ್ಲ ಪಶ್ಚಿಮ ಏಷ್ಯಾದ ಕಾಡುಬೆಕ್ಕಿನ ವಂಶದವು ಎಂಬುದು 2007ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನದಿಂದ ಖಚಿತವಾಗಿದೆ. ಆ ಕಾಡುಬೆಕ್ಕು ಒಂಟಿಯಾಗಿ ಬೇಟೆಯಾಡುವ ಪ್ರಾಣಿ. ಗುಂಪಿನಲ್ಲಿ ಬಾಳುವ ನಾಯಿಗೆ ಜಗಳದ ನಂತರ ರಾಜಿಯಾಗುವ ನಡವಳಿಕೆಗಳಿವೆ. ಬೆಕ್ಕಿಗೆ ಅವು ಕಡಿಮೆ. ಮೊದಲ ದಿನವೇ ಕಚ್ಚಾಟವಾದರೆ ಆ ನೆನಪು ವರ್ಷಗಟ್ಟಲೆ ಉಳಿಯಬಹುದು. ಹಿಂದೆ ಇಂಥ ಜಗಳ ಹೆಚ್ಚಾದರೆ ಒಂದನ್ನು ಗೋಣಿಚೀಲಕ್ಕೆ ತುಂಬಿ ಹೊಳೆಯಾಚೆ ಬಿಟ್ಟು ಬರುತ್ತಿದ್ದರು. ಹಾಗೆ ಬಿಟ್ಟು ಬಂದ ಬೆಕ್ಕುಗಳ ಗತಿಯನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಹಾಗಾದರೆ ಮೊದಲು ಒಂದೇ ಮನೆಯಲ್ಲಿ ನಾಲ್ಕೈದು ಬೆಕ್ಕು ಹೇಗಿದ್ದವು? ಇದರ ಉತ್ತರ ಮನೆಯ ಕಟ್ಟೋಣದಲ್ಲೇ ಇದೆ ಎಂದು ನನ್ನ ನಂಬಿಕೆ. ಹಂಚಿನ ಮನೆಯಲ್ಲಿ ಅಟ್ಟವಿತ್ತು, ಮಾಡಿನ ಸಂದಿಯಿತ್ತು, ಹಟ್ಟಿಯಿತ್ತು, ಅಂಗಳದಲ್ಲಿ ಹುಲ್ಲುಕುತ್ರಿಯಿತ್ತು. ಭತ್ತದ ತಿರಿ ಇದ್ದಲ್ಲಿ ಇಲಿಯೂ ಇರುತ್ತಿದ್ದುದರಿಂದ ಹೊಟ್ಟೆಗೆ ಪೈಪೋಟಿಯಿರಲಿಲ್ಲ. ಒಂದು ಬೆಕ್ಕು ಹಟ್ಟಿಯನ್ನು ಹಿಡಿದರೆ ಇನ್ನೊಂದು ಅಟ್ಟವನ್ನು ಹಿಡಿಯುತ್ತಿತ್ತು; ಮುಖ ನೋಡಬೇಕೆನಿಸದಿದ್ದರೆ ನೋಡದೆ ದಿನ ಕಳೆಯಬಹುದಿತ್ತು. ದೊಡ್ಡಮ್ಮನ ಹಂಚಿನ ಮನೆಯನ್ನು ಇಳಿಸಿ ಸ್ಲ್ಯಾಬ್ ಮನೆ ಕಟ್ಟಿದ ಮೇಲೆ ಹಳೆಯದೆಂದು ಉಳಿದದ್ದು ಬಚ್ಚಲು ಮಾತ್ರ. ನಯವಾದ ಟೈಲ್ಸ್ ನೆಲ, ಬೋಳು ಗೋಡೆ, ಮುಚ್ಚಿದ ಕಪಾಟು. ಹೆದರಿದ ಬೆಕ್ಕಿಗೆ ಮೇಲೇರಲು ಒಂದು ಹಲಗೆಯಿಲ್ಲ, ಅಕ್ಕಿ ಡ್ರಮ್ಮು, ಸೌದೆ ಸಂದಿ ಬಿಟ್ಟರೆ ಅವಿತುಕೊಳ್ಳಲು ಇನ್ನೊಂದು ಜಾಗವಿಲ್ಲ.

ಆದ್ದರಿಂದ ಮೊದಲ ಕೆಲಸ ಅಟ್ಟವನ್ನು ಮರಳಿ ಕೊಡುವುದು. ಕಪಾಟಿನ ನೆತ್ತಿಯ ಮೇಲೆ ಬೆತ್ತದ ಹಳೆಯ ಬುಟ್ಟಿಯೊಂದನ್ನು ಅಡ್ಡ ಮಲಗಿಸಿ, ಹತ್ತಲು ಅನುಕೂಲವಾಗಲೆಂದು ಪಕ್ಕದಲ್ಲಿ ಸ್ಟೂಲು, ಅದರಾಚೆ ಮೇಜು ಇಟ್ಟರು. ವಯಸ್ಸಾದ ಬೆಕ್ಕಿಗೆ ಕೀಲು ನೋವಿರುತ್ತದೆ, ಒಂದೇ ನೆಗೆತಕ್ಕೆ ಮೇಲೇರಲಾರದು. ನೆಲದಲ್ಲಿ ರಟ್ಟಿನ ಪೆಟ್ಟಿಗೆಯೂ ಇತ್ತು. ನೆದರ್ಲೆಂಡ್ಸಿನ ಪ್ರಾಣಿ ಆಶ್ರಯತಾಣವೊಂದರಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಅವಿತುಕೊಳ್ಳಲು ಪೆಟ್ಟಿಗೆ ಸಿಕ್ಕ ಬೆಕ್ಕುಗಳು ಸಿಗದವುಗಳಿಗಿಂತ ಬೇಗ ಹೊಸ ಜಾಗಕ್ಕೆ ಹೊಂದಿಕೊಂಡದ್ದನ್ನು ತೋರಿಸಿದೆ. ಅವಿತು ಕೂತ ಬೆಕ್ಕನ್ನು ಎಳೆದು ತೆಗೆಯಬಾರದು. ಅವಿತುಕೊಳ್ಳುವುದೇ ಅದು ಧೈರ್ಯ ತಂದುಕೊಳ್ಳುವ ರೀತಿ.

ಕರಿಯನಿಗೆ ಹಿಂದಿನ ಕೋಣೆ, ಬಾಗಿಲು ಮುಚ್ಚಿದ್ದು. ಬೀದಿಯಿಂದ ಬಂದ ಮರಿಗೆ ಇದು ಹೇಗೂ ಬೇಕು. ಪ್ಯಾನ್‌ಲ್ಯುಕೋಪೇನಿಯಾ ಎಂಬ ವಾಂತಿಭೇದಿಯ ರೋಗ ಮರಿಗಳಲ್ಲಿ ಜೀವ ತೆಗೆಯುತ್ತದೆ, ಲಸಿಕೆಯಿಲ್ಲದ ದೊಡ್ಡ ಬೆಕ್ಕಿಗೂ ಅಂಟುತ್ತದೆ. ಎರಡಕ್ಕೂ ಅದರ ಲಸಿಕೆ, ರೇಬಿಸ್ ಲಸಿಕೆ ಆಗಲೇಬೇಕು.

ಬಾಗಿಲು ಮುಚ್ಚಿದ ದಿನಗಳಲ್ಲಿ ನಡೆಯುವುದು ವಾಸನೆಯ ಪರಿಚಯ. ದೊಡ್ಡಮ್ಮ ಹಳೆಯ ಬೈರಾಸನ್ನು ಎರಡು ತುಂಡು ಮಾಡಿದರು. ಒಂದರಿಂದ ಮರಿಯ ಕೆನ್ನೆ, ಹಣೆ ನೇವರಿಸಿ ತಂದು ಚಿನ್ನಿಯ ಊಟದ ಜಾಗದಿಂದ ದೂರದಲ್ಲಿ ಹಾಕಿದರು. ಇನ್ನೊಂದು ಚಿನ್ನಿ ಮಲಗುವಲ್ಲಿಂದ ಮರಿಯ ಕೋಣೆಗೆ ಹೋಯಿತು. ಚಿನ್ನಿ ಮೊದಲು ಬೈರಾಸಿನ ಸುತ್ತ ದೊಡ್ಡ ಸುತ್ತು ಹಾಕಿ ದಾಟಿತು. ಬಾಲ ಉಬ್ಬಿತು, ಹಿಸ್ಸೆಂದಿತು. ಯಾರೂ ಏನೂ ಹೇಳಲಿಲ್ಲ. ಬೈರಾಸು ದಿನಕ್ಕೆ ಸ್ವಲ್ಪ ಸ್ವಲ್ಪವೇ ಬಟ್ಟಲಿನ ಕಡೆ ಸರಿಯಿತು. ಒಂದು ಬೆಳಿಗ್ಗೆ ಅದರ ಅಂಚಿನ ಮೇಲೆಯೇ ಮುಂಗಾಲಿಟ್ಟು ಚಿನ್ನಿ ಕುಚ್ಚಲಕ್ಕಿ ಅನ್ನ, ಬೇಯಿಸಿದ ಬೈಗೆ ಮೀನು ತಿಂದಿತು. ಬೆಕ್ಕಿನ ಕೆನ್ನೆಯ ಈ ಗಂಧವನ್ನೇ ಕೃತಕವಾಗಿ ತಯಾರಿಸಿ ಫೆಲಿವೇ ಎಂಬ ಹೆಸರಿನಲ್ಲಿ ಮಾರುತ್ತಾರೆ. 1990ರ ದಶಕದಲ್ಲಿ ಫ್ರಾನ್ಸಿನ ಪಶುವೈದ್ಯ ಪ್ಯಾಟ್ರಿಕ್ ಪಾಜಾ ಅವರ ಸಂಶೋಧನೆಯಿಂದ ಬಂದದ್ದು. ತರಿಸಿಕೊಳ್ಳಬಲ್ಲವರು ತರಿಸಲಿ. ಬೈರಾಸಿಗೆ ಖರ್ಚಿಲ್ಲ.

ಮುಂದೆ ಮುಚ್ಚಿದ ಬಾಗಿಲಿನ ಆಚೆ ಈಚೆ ಊಟ. ಮೀನಿನ ವಾಸನೆಯ ಜೊತೆಗೆ ಇನ್ನೊಂದು ಬೆಕ್ಕಿನ ವಾಸನೆ ಬರುತ್ತದೆ, ಕೆಡುಕೇನೂ ಆಗುವುದಿಲ್ಲ, ಇದೇ ಪಾಠ. ಜೂನ್, ಜುಲೈಗಳಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲವಾದ್ದರಿಂದ, ಉಪ್ಪುಂದದ ಮಡಿಕಲ್ ಕಡೆಯ ನಾಡದೋಣಿಗಳಿಗೆ ಏನಾದರೂ ಬಿದ್ದ ದಿನವಷ್ಟೇ ಈ ಪಾಠಕ್ಕೆ ತಾಜಾ ಮೀನು. ಉಪ್ಪು ಹಾಕಿದ ಒಣಮೀನನ್ನು ದೊಡ್ಡಮ್ಮ ಕೊಡಲಿಲ್ಲ, ಸರಿಯಾಗಿಯೇ ಮಾಡಿದರು. ವಯಸ್ಸಾದ ಬೆಕ್ಕಿನ ಮೂತ್ರಪಿಂಡಕ್ಕೆ ಆ ಉಪ್ಪು ಹೊರೆ. ಮೀನಿಲ್ಲದ ದಿನ ಬೇಯಿಸಿದ ಮೊಟ್ಟೆ.

ಬಾಗಿಲ ಬದಲಿಗೆ ಸೊಳ್ಳೆ ಜಾಲರಿಯ ಬಾಗಿಲು ಬಂದಾಗ ಇಬ್ಬರೂ ಮೊದಲ ಸಲ ಮುಖ ನೋಡಿಕೊಂಡರು. ಇಲ್ಲಿ ಕಣ್ಣಿಟ್ಟು ನೋಡಬೇಕಾದದ್ದು ದೃಷ್ಟಿಯನ್ನು. ಗುರುಗುಟ್ಟಿದರೆ ಅಡ್ಡಿಯಿಲ್ಲ. ಮೈ ಸೆಟೆದು ರೆಪ್ಪೆ ಬಡಿಯದೆ ದಿಟ್ಟಿಸಿದರೆ ನಡುವೆ ರಟ್ಟೊಂದನ್ನು ಇಳಿಸಿ ಆ ದಿನದ ಭೇಟಿ ಮುಗಿಸಬೇಕು. ಬರಿಗೈಯಲ್ಲಿ ಬಿಡಿಸಲು ಹೋಗಬಾರದು, ನೀರೆರಚಬಾರದು. ದೊಡ್ಡಮ್ಮ ಚಿನ್ನಿಯ ಕಡೆ ನಿಧಾನವಾಗಿ ಕಣ್ಣು ಮುಚ್ಚಿ ತೆರೆಯುತ್ತಿದ್ದರು, ಅದೂ ಹಾಗೆಯೇ ಮಾಡುತ್ತಿತ್ತು. ಮನುಷ್ಯರು ಹೀಗೆ ಕಣ್ಣು ಕಿರಿದುಮಾಡಿದರೆ ಬೆಕ್ಕುಗಳು ಮರಳಿ ಕಣ್ಣು ಕಿರಿದುಮಾಡುತ್ತವೆ, ಹತ್ತಿರ ಬರಲು ಒಲವು ತೋರುತ್ತವೆ ಎಂದು ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ್ದಾರೆ.

ಮಳೆಗಾಲದ ಇನ್ನೊಂದು ತೊಡಕು ಹೊಯ್ಗೆ. ಹೊರಗೆ ನೆಲವೆಲ್ಲ ನೀರು, ಬೆಕ್ಕು ಹೋಗುವುದೆಲ್ಲಿಗೆ? ಎರಡು ಬೆಕ್ಕಿಗೆ ಹೊಯ್ಗೆ ತುಂಬಿದ ಮೂರು ಟಬ್ಬು ಬೇಕು, ಅದೂ ಬೇರೆಬೇರೆ ಕಡೆ. ಒಂದೇ ಕಡೆ ಇಟ್ಟರೆ ಒಂದು ಬೆಕ್ಕು ದಾರಿ ಕಾದು ಕೂತು ಇನ್ನೊಂದನ್ನು ತಡೆಯುತ್ತದೆ. ಹೆದರಿದ ಬೆಕ್ಕು ಮೂತ್ರ ಕಟ್ಟಿಕೊಂಡರೆ ಮೂತ್ರಚೀಲದ ಉರಿಯೂತ ಶುರು. ಗಂಡು ಬೆಕ್ಕು ಕೂತು ತಿಣುಕಿದರೂ ಹನಿ ಬೀಳದಿದ್ದರೆ ಒಂದು ರಾತ್ರಿಯೂ ಕಾಯದೆ ವೈದ್ಯರಲ್ಲಿಗೆ ಒಯ್ಯಬೇಕು. ಹಾಗೆಯೇ ಊಟ. ಬೆಕ್ಕು ಎರಡು ದಿನ ಏನನ್ನೂ ಮುಟ್ಟದಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬುವ ಅಪಾಯವಿದೆ. ಮನೆಯಲ್ಲಿದೆಯೆಂದು ಪ್ಯಾರಾಸಿಟಮಾಲ್ ಮಾತ್ರ ಕೊಡಬಾರದು, ಬೆಕ್ಕಿಗೆ ಅದು ವಿಷ. ಹೊಸ ಬೆಕ್ಕು ಬಂದದ್ದೇ ಎಲ್ಲಕ್ಕೂ ಕಾರಣವೆಂದು ಬಗೆಯುವ ಮೊದಲು ವಯಸ್ಸಾದದ್ದರ ಹಲ್ಲು, ಕೀಲು, ಥೈರಾಯ್ಡ್, ಮೂತ್ರಪಿಂಡ ಒಮ್ಮೆ ತೋರಿಸಿಕೊಳ್ಳುವುದು ಮೇಲು.

ಈಗ ಮಳೆ ಹಿಂದೆಗೆದಿದೆ. ಚಿನ್ನಿ, ಕರಿಯ ಒಟ್ಟಿಗೆ ಮಲಗುವುದಿಲ್ಲ, ಮುಂದೆಯೂ ಮಲಗಲಾರರು. ನನಗೆ ಅದರ ಬಗ್ಗೆ ಬೇಸರವಿಲ್ಲ. ದೊಡ್ಡಮ್ಮ ಬಯಸಿದ್ದು ಚಿನ್ನಿ ತನ್ನ ಮನೆಯಲ್ಲಿ ಅಂಜದೆ ನಡೆಯಲಿ ಎಂದಷ್ಟೆ. ಸ್ಕೂಟರಿನಲ್ಲಿ ಮೀನು ಮಾರುವವನ ಹಾರ್ನ್ ಕೇಳಿದರೆ ಎರಡೂ ಗೇಟಿನ ಕಡೆ ಓಡುತ್ತವೆ, ಚಿನ್ನಿ ಮುಂದೆ, ಮರಿ ಎರಡು ಮಾರು ಹಿಂದೆ. ಕರಿಯ ಆರು ತಿಂಗಳಿನವನಾಗುತ್ತಾ ಬಂದ. ಮೂತ್ರ ಸಿಂಪಡಿಸಿ ಗಡಿ ಗುರುತಿಸುವ ವಯಸ್ಸು ಬರುವ ಮೊದಲೇ ಅವನಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬೇಕು. ಆಸ್ಪತ್ರೆಯಿಂದ ಬಂದವನ ಮೈಯಲ್ಲಿ ಔಷಧಿಯ ವಾಸನೆ ಇರುತ್ತದೆ. ದಿನವೂ ಕಂಡ ಬೆಕ್ಕನ್ನೇ ಚಿನ್ನಿ ಪರಕೀಯನೆಂದು ತಿಳಿದು ಬೆಚ್ಚಬಹುದು. ಅದಕ್ಕೆ ದೊಡ್ಡಮ್ಮ ಹಿಂದಿನ ಕೋಣೆಯನ್ನು ಈಗಲೇ ಗುಡಿಸಿಟ್ಟಿದ್ದಾರೆ, ಅವನು ಮಲಗಿದ ಬೈರಾಸನ್ನು ತೊಳೆಯಲು ಅತ್ತಿಗೆಗೆ ಬಿಟ್ಟಿಲ್ಲ.