ಕಾಲ್ಚೆಂಡಿನ ಅಭಿಮಾನಿ

ಹುಬ್ಬಳ್ಳಿ-ಧಾರವಾಡಗಳಲ್ಲಿ ಕ್ರಿಕೆಟ್ಟಿನ ಅಭಿಮಾನಿಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಚಹಾದಂಗಡಿಯ ಮುಂದೆ ನಿಂತವರೆಲ್ಲರೂ ಅವರೇ. ಹಾಕಿಯ ಮಾತು ಬಂದರೆ ನೆರೆಯ ಗದಗ-ಬೆಟಗೇರಿಯ ಹೆಸರನ್ನು ಹೆಮ್ಮೆಯಿಂದ ಹೇಳುವವರಿದ್ದಾರೆ. ಕುಸ್ತಿಗೆ ಗರಡಿಮನೆಗಳ ಪರಂಪರೆಯುಂಟು. ಆದರೆ ಕಾಲ್ಚೆಂಡಾಟದ ಅಭಿಮಾನಿ ಮಾತ್ರ ಇಲ್ಲಿ ವಿರಳ. ಹತ್ತು ಜನ ಕೂಡಿದ ಕಟ್ಟೆಯ ಮೇಲೆ ಅವನು ಒಬ್ಬನೇ ಒಬ್ಬ. ಉಳಿದ ಒಂಬತ್ತು ಮಂದಿಯಲ್ಲಿ ಒಬ್ಬರು, “ಏನ್ರೀ, ನಿನ್ನೆ ನಿಮ್ಮವರು ಎಷ್ಟು ಗೋಲು ಹೊಡಿಸ್ಕೊಂಡ್ರು?” ಎಂದು ಕೆಣಕಿದರೆ, ಅವನು ಗಿರಮಿಟ್ಟಿನ ಪೊಟ್ಟಣದ ಕಡೆಗೆ ಮುಖ ತಗ್ಗಿಸುತ್ತಾನೆ. ಸೋಲಿನ ಲೆಕ್ಕವನ್ನು ಹೇಳುವುದು ಅವನಿಗೆ ಕಷ್ಟವಲ್ಲ. ‘ನಿಮ್ಮವರು’ ಎಂಬ ಮಾತೇ ಅವನನ್ನು ಯೋಚನೆಗೆ ಹಚ್ಚುತ್ತದೆ. ಕಾಲ್ಚೆಂಡಾಟದಲ್ಲಿ ಹುಬ್ಬಳ್ಳಿಯವನಿಗೆ ತನ್ನವರೆಂದರೆ ಯಾರು?

ಭೂಪಟವನ್ನು ಬಿಡಿಸಿ ನೋಡಿದರೆ ಉತ್ತರ ಒಂದು ಬಗೆಯಾಗಿ ತೋರುತ್ತದೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಇರುವ ಹಾದಿಯ ಅರ್ಧದಷ್ಟೂ ದೂರ ಗೋವೆಯ ಮಡಗಾಂವಿಗೆ ಇಲ್ಲ. ಹುಬ್ಬಳ್ಳಿಯಲ್ಲಿ ರೈಲು ಹತ್ತಿದವನು ಧಾರವಾಡ, ಅಳ್ನಾವರ, ಲೋಂಡಾಗಳನ್ನು ದಾಟಿ ಕ್ಯಾಸಲ್‌ರಾಕ್ ನಿಲ್ದಾಣವನ್ನು ಸೇರಿದನೆಂದರೆ, ಮುಂದೆ ದೂಧಸಾಗರದ ಜಲಧಾರೆಯನ್ನು ನೋಡುತ್ತ ಘಟ್ಟವಿಳಿಯುವುದಷ್ಟೇ ಉಳಿದ ಕೆಲಸ. 1880ರ ದಶಕದಲ್ಲಿ ಈ ಹಳಿಗಳನ್ನು ಹಾಕಿದಾಗ ಕ್ಯಾಸಲ್‌ರಾಕ್ ಎರಡು ಸಾಮ್ರಾಜ್ಯಗಳ ಗಡಿಯಾಗಿತ್ತು. ಇತ್ತ ಇಂಗ್ಲಿಷರು, ಅತ್ತ ಪೋರ್ಚುಗೀಸರು. ನಡುವೆ ಪ್ರಯಾಣಿಕನ ಗಂಟುಮೂಟೆಗಳನ್ನು ಬಿಚ್ಚಿಸಿ ನೋಡುವ ಸುಂಕದ ಕಟ್ಟೆ. 1961ರ ಡಿಸೆಂಬರಿನಲ್ಲಿ ಗೋವೆ ವಿಮೋಚನೆಗೊಂಡ ಮೇಲೆ ಆ ಗಡಿ ಅಳಿಯಿತು. ಗಡಿಯಾಚೆಯ ನಾಡಿನಲ್ಲಿ ಕಾಲ್ಚೆಂಡಾಟವು ಹಬ್ಬಹರಿದಿನಗಳಷ್ಟೇ ಸಹಜವಾಗಿ ಬೆಳೆದಿದೆ. ಪೋರ್ಚುಗೀಸರ ಆಳ್ವಿಕೆಯ ಆ ನೆಲಕ್ಕೆ ಚೆಂಡನ್ನು ತಂದವನು ಪೋರ್ಚುಗೀಸನಲ್ಲ. 1883ರಲ್ಲಿ ಶಿವೋಲಿಯೆಂಬ ಊರಿನ ಶಾಲೆಯಲ್ಲಿ ಆಟವನ್ನು ಕಲಿಸಿದ ಲಯನ್ಸ್ ಎಂಬ ಪಾದ್ರಿ ಎಂದು ಹೇಳುತ್ತಾರೆ. ಆಟಗಳು ರಾಜರ ಅಪ್ಪಣೆ ಪಡೆದು ಬರುವುದಿಲ್ಲ.

ಹೀಗೆ ನೆರೆಯಲ್ಲಿಯೇ ಕಾಲ್ಚೆಂಡಿನ ತವರಿರುವಾಗ ಹುಬ್ಬಳ್ಳಿಯ ಅಭಿಮಾನಿ ದೂರದ ಬೆಂಗಳೂರಿನ ಕಡೆಗೆ ಏಕೆ ಮುಖ ಮಾಡಬೇಕು? ಇದಕ್ಕೆ ದೂರದ ಲೆಕ್ಕದಲ್ಲಿ ಉತ್ತರವಿಲ್ಲ, ನಾಡಿನ ಹೆಸರಿನಲ್ಲಿದೆ. ಆ ಹೆಸರಿನ ಕಥೆಯಾದರೂ ನೇರವಾದುದಲ್ಲ.

ರಾಜ್ಯ ರಾಜ್ಯಗಳ ತಂಡಗಳು ಸೆಣಸುವ ಸಂತೋಷ್ ಟ್ರೋಫಿ 1941ರಲ್ಲಿ ಆರಂಭವಾಯಿತು. 1946-47ರಲ್ಲಿಯೂ 1952-53ರಲ್ಲಿಯೂ ಮೈಸೂರು ತಂಡವು ಬಲಿಷ್ಠ ಬಂಗಾಳವನ್ನು ಸೋಲಿಸಿ ಅದನ್ನು ಗೆದ್ದಿತು. ಬೆಂಗಳೂರಿನ ಆಟಗಾರರಿಗೆ ಅದು ಏರುಗಾಲ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಭಾರತದ ಏಕಮಾತ್ರ ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್ ಮೈಸೂರು ತಂಡದವರೇ. ಆದರೆ ಆ ದಿನಗಳಲ್ಲಿ ಧಾರವಾಡ ಜಿಲ್ಲೆ ಮುಂಬಯಿಯ ಆಡಳಿತಕ್ಕೆ ಸೇರಿತ್ತು. ಕಾಗದದ ಮೇಲಿನ ಲೆಕ್ಕದಂತೆ ಹುಬ್ಬಳ್ಳಿಯ ಕನ್ನಡಿಗನ ತಂಡ ಮುಂಬಯಿ! 1954-55ರಲ್ಲಿ ಮುಂಬಯಿ ಟ್ರೋಫಿಯನ್ನು ಗೆದ್ದಾಗ, ಏಕೀಕರಣದ ಕನಸನ್ನು ಹೊತ್ತು ತಿರುಗುತ್ತಿದ್ದ ಧಾರವಾಡದವನು ಹಿಗ್ಗಬೇಕಿತ್ತೆ, ಸುಮ್ಮನಿರಬೇಕಿತ್ತೆ?

1956ರ ನವೆಂಬರ್ 1ರಂದು ನಾಡು ಒಂದಾಯಿತು. 1967-68 ಮತ್ತು 1968-69ರಲ್ಲಿ ಸತತ ಎರಡು ಸಲ ಮೈಸೂರು ತಂಡ ಮತ್ತೆ ಬಂಗಾಳವನ್ನೇ ಮಣಿಸಿತು. ಈ ಬಾರಿಯ ಗೆಲುವಿನಲ್ಲಿ ಹುಬ್ಬಳ್ಳಿಗೂ ಪಾಲಿತ್ತು. ಮನೆಯಲ್ಲಿ ದೂರದರ್ಶನವಿಲ್ಲದ ಕಾಲ; ಬಾನುಲಿಯಲ್ಲಿ ಕೇಳಿದ ಒಂದು ವಾಕ್ಯ, ಮರುದಿನದ ಪತ್ರಿಕೆಯಲ್ಲಿ ಓದಿದ ನಾಲ್ಕು ಸಾಲು, ಇಷ್ಟರಲ್ಲಿಯೇ ಇಡೀ ಪಂದ್ಯವನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳಬೇಕು. ಆದರೂ ಪಟ್ಟಿಯಲ್ಲಿ ಬರೆದ ಹೆಸರು ಮೈಸೂರು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂತು. ಇನ್ನು ಆ ಹೆಸರಿನಲ್ಲಿ ಒಮ್ಮೆ ಗೆದ್ದರಾಯಿತು ಎಂದು ಅಭಿಮಾನಿ ಕಾದು ಕುಳಿತ. 1975-76ರಲ್ಲಿ ತಂಡ ಅಂತಿಮ ಪಂದ್ಯವನ್ನು ಮುಟ್ಟಿ ಬಂಗಾಳಕ್ಕೆ ಸೋತಿತು. ಅಲ್ಲಿಂದ ಮುಂದೆ 47 ವರ್ಷ ಅಂತಿಮ ಪಂದ್ಯದ ಮುಖವನ್ನೇ ಕಾಣಲಿಲ್ಲ.

ಈ ಬರಗಾಲದ ನಡುವೆ, 2013ರಲ್ಲಿ ಬೆಂಗಳೂರಿನಲ್ಲಿ ಹೊಸದೊಂದು ಕ್ಲಬ್ಬು ಹುಟ್ಟಿತು. ಬೆಂಗಳೂರು ಎಫ್.ಸಿ. ಎಂದು ಅದರ ಹೆಸರು. ಐ-ಲೀಗ್ ಎಂಬ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಆಡಿದ ಮೊದಲ ವರ್ಷವೇ ಅದು ಪ್ರಶಸ್ತಿಯನ್ನು ಗೆದ್ದಿತು. ಗೆಲುವು ಖಚಿತವಾದದ್ದು 2014ರ ಏಪ್ರಿಲ್ 21ರಂದು, ಮಡಗಾಂವಿನ ಫಟೋರ್ಡಾ ಕ್ರೀಡಾಂಗಣದಲ್ಲಿ, ಗೋವೆಯ ಡೆಂಪೊ ತಂಡವನ್ನು 4-2ರಿಂದ ಸೋಲಿಸಿದಾಗ. ಬೆಂಗಳೂರಿನ ಹಬ್ಬ ಬೆಂಗಳೂರಿಗಿಂತ ಹುಬ್ಬಳ್ಳಿಗೆ ಹತ್ತಿರದಲ್ಲಿ ನಡೆದಿತ್ತು.

ಆದರೆ ಅಭಿಮಾನಿಯ ನೆನಪಿನಲ್ಲಿ ಗೆಲುವಿಗಿಂತ ಆಳವಾಗಿ ಊರಿ ನಿಂತಿರುವುದು ಮರುವರ್ಷದ ಒಂದು ಸಂಜೆ. 2015ರ ಮೇ 31. ಬೆಂಗಳೂರಿನ ಕಂಠೀರವ ಕ್ರೀಡಾಂಗಣ. ಲೀಗಿನ ಕಟ್ಟಕಡೆಯ ಪಂದ್ಯ. ಎದುರಾಳಿ ಕಲ್ಕತ್ತೆಯ ಮೋಹನ್ ಬಾಗಾನ್. ಬೆಂಗಳೂರು ಗೆದ್ದರೆ ಪ್ರಶಸ್ತಿ ಬೆಂಗಳೂರಿಗೆ. ಸರಿಸಮವಾದರೆ ಸಾಕು, ಅದು ಬಾಗಾನಿಗೆ. ಮಳೆ ಸುರಿಯಿತು, ಮೈದಾನ ಕೆಸರಾಯಿತು. ಮೊದಲರ್ಧದಲ್ಲಿ ಜಾನ್ ಜಾನ್ಸನ್ ಹೊಡೆದ ಗೋಲಿನಿಂದ ಬೆಂಗಳೂರು ಮುಂದಾಯಿತು. ಎಂಬತ್ತು ನಿಮಿಷಗಳು ಕಳೆದವು; ಎಂಬತ್ತೈದು ಕಳೆದವು. ಎಂಬತ್ತೇಳನೆಯ ನಿಮಿಷದಲ್ಲಿ ಮೂಲೆಯಿಂದ ಬಂದ ಚೆಂಡಿಗೆ ಬೆಲೊ ರಜಾಕ್ ತಲೆಯೊಡ್ಡಿದ. 1-1. ವರ್ಷವಿಡೀ ಕೂಡಿಸಿಟ್ಟ ಆಸೆ ಮೂರು ನಿಮಿಷ ಉಳಿದಿರುವಾಗ ನೀರುಪಾಲಾಯಿತು.

ಇಂತಹ ಸಂಕಟ ಬೇರೆ ನಾಡುಗಳಲ್ಲಿಯೂ ಉಂಟೆಂದು ತಿಳಿದರೆ ಎದೆ ಸ್ವಲ್ಪ ಹಗುರಾಗುತ್ತದೆ. ಗೋವೆಯನ್ನು ನಾಲ್ಕೂವರೆ ಶತಮಾನ ಆಳಿದ ಪೋರ್ಚುಗಲ್ ದೇಶದಲ್ಲಿ, ಲಿಸ್ಬನ್ ನಗರದ ಬೆನ್‌ಫಿಕಾ ಎಂಬ ಹೆಸರಾಂತ ತಂಡವು 2013ರ ಮೇ ತಿಂಗಳಿನಲ್ಲಿ ಪಟ್ಟ ಪಾಡನ್ನು ನೋಡಿ. 11ರಂದು ಲೀಗಿನ ನಿರ್ಣಾಯಕ ಪಂದ್ಯದಲ್ಲಿ ತೊಂಬತ್ತೆರಡನೆಯ ನಿಮಿಷದ ಗೋಲಿನಿಂದ ಪೋರ್ಟೊ ತಂಡಕ್ಕೆ ಸೋತಿತು. 15ರಂದು ಯೂರೋಪಾ ಲೀಗಿನ ಅಂತಿಮ ಪಂದ್ಯದಲ್ಲಿ ತೊಂಬತ್ತಮೂರನೆಯ ನಿಮಿಷದ ಗೋಲಿನಿಂದ ಚೆಲ್ಸೀ ತಂಡಕ್ಕೆ ಸೋತಿತು. ದೇಶದ ಕಪ್ಪಾದರೂ ಸಿಕ್ಕೀತೆಂದರೆ, 26ರಂದು ಮೊದಲು ಮುನ್ನಡೆಯನ್ನು ಪಡೆದೂ ವಿಟೋರಿಯಾ ಗಿಮರಾಯಿಶ್ ಎಂಬ ತಂಡಕ್ಕೆ ಶರಣಾಯಿತು. ಹದಿನೈದು ದಿನಗಳಲ್ಲಿ ಮೂರು ಪ್ರಶಸ್ತಿಗಳು ಕೈತಪ್ಪಿದವು. ಲಿಸ್ಬನ್ನಿನ ಮುದುಕನೊಬ್ಬನೂ ಹುಬ್ಬಳ್ಳಿಯ ತರುಣನೊಬ್ಬನೂ ಎದುರುಬದುರು ಕುಳಿತರೆ, ಭಾಷೆ ಬಾರದಿದ್ದರೂ ಗಂಟೆಗಟ್ಟಲೆ ಮಾತನಾಡಬಲ್ಲರು.

ಪೋರ್ಚುಗಲ್ಲಿನೊಡನೆ ಬೆಂಗಳೂರಿಗೆ ಇನ್ನೊಂದು ನಂಟಿದೆ. ಲೂಯಿಸ್ ಫಿಗೊ, ಕ್ರಿಸ್ಟಿಯಾನೊ ರೊನಾಲ್ಡೊ ಮುಂತಾದವರು ಬಾಲ್ಯದಲ್ಲಿ ಪಳಗಿದ್ದು ಲಿಸ್ಬನ್ನಿನ ಸ್ಪೋರ್ಟಿಂಗ್ ಕ್ಲಬ್ಬಿನಲ್ಲಿ. 2012ರಲ್ಲಿ ಭಾರತದ ಸುನಿಲ್ ಛೆಟ್ರಿ ಆ ಕ್ಲಬ್ಬನ್ನು ಸೇರಿದರು. ಅಲ್ಲಿ ಅವರಿಗೆ ದೊರೆತದ್ದು ಎರಡನೆಯ ತಂಡದಲ್ಲಿ ಬೆರಳೆಣಿಕೆಯ ಪಂದ್ಯಗಳು ಮಾತ್ರ. ಮರಳಿ ಬಂದವರು 2013ರಲ್ಲಿ ಬೆಂಗಳೂರಿನ ಹೊಸ ಕ್ಲಬ್ಬಿನ ನಾಯಕರಾದರು. 2016ರಲ್ಲಿ ಏಷ್ಯಾದ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯವನ್ನು ತಲುಪಿದ ಮೊದಲ ಭಾರತೀಯ ಕ್ಲಬ್ಬು ಎಂಬ ಕೀರ್ತಿ ಅವರ ನಾಯಕತ್ವದಲ್ಲಿ ಬೆಂಗಳೂರಿಗೆ ಸಂದಿತು. ಲಿಸ್ಬನ್ನಿನಲ್ಲಿ ಬೆಂಚಿನ ಮೇಲೆ ಕುಳಿತವರು ಕಂಠೀರವದಲ್ಲಿ ಸಾವಿರಾರು ಕಂಠಗಳ ಕೂಗನ್ನು ಕೇಳಿದರು.

ದೇಶದ ತಂಡದ ಅರ್ಹತಾ ಪಂದ್ಯಗಳ ವಿಷಯದಲ್ಲಿ ಅಭಿಮಾನಿಯ ಅನುಭವ ಮಿಶ್ರವಾದುದು. 2017ರ ಅಕ್ಟೋಬರ್ 11ರಂದು ಇದೇ ಕಂಠೀರವದಲ್ಲಿ ಮಕಾವ್ ತಂಡವನ್ನು 4-1ರಿಂದ ಸೋಲಿಸಿ ಭಾರತವು ಏಷ್ಯಾ ಕಪ್ಪಿಗೆ ಅರ್ಹತೆ ಪಡೆಯಿತು. ಮಕಾವ್ ಕೂಡ ಒಂದು ಕಾಲಕ್ಕೆ ಪೋರ್ಚುಗೀಸರ ವಸಾಹತು ಎಂಬುದು ಕುತೂಹಲದ ಸಂಗತಿ. 2024ರ ಜೂನ್ 11ರಂದು ದೋಹಾದಲ್ಲಿ ನಡೆದುದು ಮಾತ್ರ ಮರೆಯುವಂತಹುದಲ್ಲ. ವಿಶ್ವಕಪ್ಪಿನ ಅರ್ಹತಾ ಹಂತದಲ್ಲಿ ಕತಾರಿನ ಮೇಲೆ ಭಾರತ ಒಂದು ಗೋಲಿನಿಂದ ಮುಂದಿತ್ತು. ಗೆದ್ದರೆ ಮುಂದಿನ ಸುತ್ತು. ಆಗ ಗೋಲುಗೆರೆಯನ್ನು ದಾಟಿ ಹೊರಗೆ ಹೋಗಿದ್ದ ಚೆಂಡನ್ನು ಎಳೆದು ತಂದು ಎದುರಾಳಿಗಳು ಬಲೆಗೆ ಹೊಡೆದರು. ತೀರ್ಪುಗಾರರು ಅದನ್ನು ಗೋಲೆಂದರು. ಕಡೆಗೆ ಭಾರತ 1-2ರಿಂದ ಸೋತಿತು. ಐದು ದಿನಗಳ ಹಿಂದೆಯಷ್ಟೇ 151 ಪಂದ್ಯಗಳಲ್ಲಿ 94 ಗೋಲು ಹೊಡೆದ ಛೆಟ್ರಿ ನಿವೃತ್ತರಾಗಿದ್ದರು. ಮರುವರ್ಷ ಅವರನ್ನು ಮತ್ತೆ ಕರೆಸಬೇಕಾಗಿ ಬಂತೆಂದರೆ ದೇಶದಲ್ಲಿ ಗೋಲು ಹೊಡೆಯುವವರ ಅಭಾವವನ್ನು ಬೇರೆ ಹೇಳಬೇಕಿಲ್ಲ.

ಇವೆಲ್ಲಕ್ಕಿಂತ ಹುಬ್ಬಳ್ಳಿಯ ಅಭಿಮಾನಿಗೆ ಹತ್ತಿರವಾದ ಗೆಲುವು ಬಂದದ್ದು ಯಾರೂ ನಿರೀಕ್ಷಿಸದ ನೆಲದಲ್ಲಿ. 2022-23ರ ಸಂತೋಷ್ ಟ್ರೋಫಿಯ ಉಪಾಂತ್ಯ ಮತ್ತು ಅಂತಿಮ ಪಂದ್ಯಗಳನ್ನು ಮೊತ್ತಮೊದಲ ಬಾರಿಗೆ ವಿದೇಶದಲ್ಲಿ, ಸೌದಿ ಅರೇಬಿಯದ ರಿಯಾಧ್ ನಗರದಲ್ಲಿ ನಡೆಸಲಾಯಿತು. ದೊಡ್ಡ ಕ್ಲಬ್ಬುಗಳ ಹೊಳಪಿನೆದುರು ಈ ಪಂದ್ಯಾವಳಿ ಆ ಹೊತ್ತಿಗೆ ಮಂಕಾಗಿತ್ತು. ಕರ್ನಾಟಕ ತಂಡದಲ್ಲಿಯೂ ದೇಶವೆಲ್ಲ ಬಲ್ಲ ಹೆಸರುಗಳಿರಲಿಲ್ಲ. ಉಪಾಂತ್ಯದಲ್ಲಿ ಸರ್ವಿಸಸ್ ತಂಡವನ್ನು 3-1ರಿಂದ ಸೋಲಿಸಿದ ಆ ಹುಡುಗರು 2023ರ ಮಾರ್ಚ್ 4ರಂದು ಮೇಘಾಲಯವನ್ನು ಎದುರಿಸಿದರು. ಸುನಿಲ್ ಕುಮಾರ್, ಬೇಕೆ ಓರಾಂ, ರಾಬಿನ್ ಯಾದವ್ ಒಂದೊಂದು ಗೋಲು ಹೊಡೆದರು. ಮೇಘಾಲಯ ಎರಡನ್ನು ತೀರಿಸಿ ಬೆನ್ನಟ್ಟಿ ಬಂತು. ಆದರೆ 3-2ರಲ್ಲಿ ಪಂದ್ಯ ಮುಗಿಯಿತು.

54 ವರ್ಷಗಳು! 1969ರಲ್ಲಿ ಹತ್ತು ವರ್ಷದವನಾಗಿ ಬಾನುಲಿಗೆ ಕಿವಿಗೊಟ್ಟವನು ಈಗ ಮೊಮ್ಮಕ್ಕಳ ಕೈಯ ಮೊಬೈಲಿನಲ್ಲಿ ಆಟವನ್ನು ನೋಡುವ ವಯಸ್ಸಿಗೆ ಬಂದಿದ್ದ. ವಿಜೇತರ ಪಟ್ಟಿಯಲ್ಲಿ ಮೈಸೂರಿನ ಹೆಸರು ನಾಲ್ಕು ಸಲ ಇತ್ತು. ಕರ್ನಾಟಕದ ಹೆಸರು ಅಂದು ಮೊದಲ ಬಾರಿಗೆ ಬರೆಯಲ್ಪಟ್ಟಿತು. ಬೀದಿಯಲ್ಲಿ ಪಟಾಕಿ ಸುಡುವಷ್ಟು ಜನ ಕಾಲ್ಚೆಂಡಿನವರು ಹುಬ್ಬಳ್ಳಿಯಲ್ಲಿ ಎಲ್ಲಿದ್ದಾರೆ? ಇದ್ದವನೊಬ್ಬ ಪತ್ರಿಕೆಯ ಆ ತುಣುಕನ್ನು ಕತ್ತರಿಸಿ ಇಟ್ಟುಕೊಂಡ. ಮರುವರ್ಷ ಟ್ರೋಫಿ ಸರ್ವಿಸಸ್‌ನವರ ಪಾಲಾಯಿತು. ಅವನು ಮತ್ತೆ ಒಂದರಿಂದ ಎಣಿಸತೊಡಗಿದ.